ಊರಿಗೆಲ್ಲ ಒಂದು ಭುಜ

ಮುರಿದ ಕೈಗೆ ಇರುವ ಮರ್ಯಾದೆ ನೋಯುವ ಕೈಗೆ ಇಲ್ಲ. ಮುರಿದ ಕೈಗೆ ಬಿಳಿಯ ಪಟ್ಟಿ ಉಂಟು, ಕೊರಳಿನಿಂದ ಇಳಿಬಿದ್ದ ಜೋಲಿ ಉಂಟು, ಎಕ್ಸ್‌ರೇ ಎಂಬ ಸಾಕ್ಷಿ ಉಂಟು. ಬಸ್ಸಿನಲ್ಲಿ ಜನ ಎದ್ದು ಜಾಗ ಕೊಡುತ್ತಾರೆ. ಒಳಗೊಳಗೇ ನೋಯುವ ಭುಜಕ್ಕೆ ಇವು ಯಾವುವೂ ಇಲ್ಲ. ಅದರ ಒಡೆಯನ ಬಾಯಿಮಾತೊಂದೇ ಅದಕ್ಕೆ ಆಧಾರ. ಬರಿಯ ಬಾಯಿಮಾತನ್ನು ಜನ ಎಷ್ಟು ದಿನ ನಂಬಿಯಾರು? ನನ್ನ ಲೆಕ್ಕದಲ್ಲಿ ಮೂರು ತಿಂಗಳು.

ಈ ಲೆಕ್ಕ ಊಹೆಯದಲ್ಲ. 2016ರಲ್ಲಿ ನನ್ನ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೆ ಬರುವುದು, ಅಲ್ಲಿಂದ ಮೇಲಕ್ಕೆ ಏಳದು. ಡಾಕ್ಟರು ‘ಫ್ರೋಜನ್ ಶೋಲ್ಡರ್’ ಎಂದು ಅದಕ್ಕೆ ನಾಮಕರಣ ಮಾಡಿ, ತಾನಾಗಿ ಬಂದದ್ದು ತಾನಾಗಿಯೇ ಹೋಗುತ್ತದೆ, ಒಂದು ವರ್ಷವಾಗಬಹುದು, ಎರಡೂ ಆಗಬಹುದು ಎಂದರು. ಮೊದಲ ವಾರ ಮನೆಯಲ್ಲಿ ರಾಜೋಪಚಾರ. ಬಿಸಿ ಎಣ್ಣೆಯೇನು, ಬಿಸಿನೀರಿನ ಚೀಲವೇನು, ಬಂದುಹೋಗುವ ನೆಂಟರೇನು! ಎರಡನೆಯ ತಿಂಗಳು “ಹೇಗಿದೆ?” ಎಂಬ ಪ್ರಶ್ನೆ “ಇನ್ನೂ ಇದೆಯೇ?” ಎಂದಾಯಿತು. ಮೂರನೆಯ ತಿಂಗಳು ನಮ್ಮಾಕೆ, ನನಗೆ ಕೇಳಿಸಲಿ ಎಂದೇ, ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ಪೇಪರ್ ಹಿಡಿಯೋವಾಗ ನೋವಿಲ್ಲ ಕಣೇ, ಕಾಯಿ ತುರಿದುಕೊಡಿ ಅಂದರೆ ಮಾತ್ರ ನೋವು.” ಮೂವತ್ತೆಂಟು ವರ್ಷ ನನ್ನ ಮಾತನ್ನು ನಂಬಿಕೊಂಡು ಬಂದ ಹೆಂಗಸು! ತಪ್ಪು ಅವಳದಲ್ಲ. ನೋವಿಗೆ ಒಂದು ಕೊನೆಯ ತಾರೀಖು ಹೇಳಿದ್ದರೆ ಆಕೆ ವರ್ಷವಾದರೂ ಕಾಯುತ್ತಿದ್ದಳು. ತಾರೀಖು ನನ್ನ ಬಳಿ ಇರಲಿಲ್ಲ.

ಇಷ್ಟನ್ನು ಹೇಳಿದುದು ನನ್ನ ಭುಜದ ಪ್ರತಾಪವನ್ನು ಸಾರುವುದಕ್ಕಲ್ಲ. ಮರುವರ್ಷ, 2017ರ ಜುಲೈಯಲ್ಲಿ, ನಾವಿಬ್ಬರೂ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಹೋದೆವು. ಹೋಗಿ ನೋಡಿದರೆ, ಊರಿಗೆ ಊರೇ ಒಂದು ಭುಜದ ಚಿಂತೆಯಲ್ಲಿ ಮುಳುಗಿದೆ! ತರಕಾರಿ ಅಂಗಡಿಯಲ್ಲಿ ಅದೇ ಮಾತು, ಕ್ಷೌರದಂಗಡಿಯಲ್ಲಿ ಅದೇ ಮಾತು, ರೇಡಿಯೋ ಹಾಕಿದರೆ ಅದೇ ವಾಗ್ವಾದ. ಆ ಭುಜ ಆಂಡ್ರೂ ಲಕ್ ಎಂಬ ಇಪ್ಪತ್ತೇಳು ವರ್ಷದ ತರುಣನದು. ಆತ ಊರಿನ ಫುಟ್‌ಬಾಲ್ ತಂಡವಾದ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡಿಗೆ ಕಾಲು ತಾಕುವುದು ಅಪರೂಪ. ಚೆಂಡು ಚೆಂಡಿನ ಹಾಗೂ ಇಲ್ಲ. ಸುಲಿದ ತೆಂಗಿನಕಾಯಿಗೆ ಎರಡು ಕಡೆಯೂ ಮೂತಿ ಬಂದಂತಿದೆ. ಪಕ್ಷಕ್ಕೆ ಹನ್ನೊಂದು ಜನ, ನೂರು ಗಜದ ಮೈದಾನ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯಬೇಕು. ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕಿನ ಕೈಗೆ. ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಟ್ಟು ಓಡಿಸಬೇಕು ಎಂದು ತೀರ್ಮಾನಿಸಲು ಆತನಿಗೆ ದೊರೆಯುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ನೂರ ನಲವತ್ತು ಕಿಲೋ ತೂಗುವ ಘಟೋತ್ಕಚರು ಆತನ ಮೇಲೆ ನುಗ್ಗುತ್ತಾರೆ. ಅವರನ್ನು ತಡೆಯಲು ಅಷ್ಟೇ ತೂಕದ ಐದು ಜನ ಇವನ ಮುಂದೆ ಗೋಡೆಯಾಗಿ ನಿಲ್ಲುತ್ತಾರೆ. ಗೋಡೆ ಬಿರುಕುಬಿಟ್ಟರೆ ದೇವರೇ ಗತಿ. ನಮ್ಮ ಹಳೆಯ ನಾಟಕ ಕಂಪನಿಗಳಲ್ಲಿ ರಾಜಪಾರ್ಟಿನವನು ಇದ್ದ ಹಾಗೆ ಎಂದರೆ ವಾಚಕರಿಗೆ ಅರ್ಥವಾದೀತು. ಉಳಿದವರು ಎಷ್ಟೇ ಚೆನ್ನಾಗಿ ಅಭಿನಯಿಸಲಿ, ರಾಜಪಾರ್ಟಿನವನ ಗಂಟಲು ಕಟ್ಟಿದರೆ ಆ ರಾತ್ರಿಯ ನಾಟಕ ಮುಗಿದಂತೆಯೇ.

ನನಗೆ ಈ ವಿದ್ಯೆಯನ್ನೆಲ್ಲ ಕಲಿಸಿದವರು ಮಗಳ ಪಕ್ಕದ ಮನೆಯ ಮುದುಕರು. ಮೂವತ್ತು ವರ್ಷ ಮನೆಮನೆಗೆ ಟಪಾಲು ಹಂಚಿ ನಿವೃತ್ತರಾದವರು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವನು ಎಂದು ತಿಳಿದ ದಿನದಿಂದ ನನ್ನನ್ನು ‘ಪ್ರೊಫೆಸರ್’ ಎಂದೇ ಕರೆದರು. ನಾನೂ ಪುಕ್ಕಟೆಯಾಗಿ ಬಂದ ಬಡ್ತಿಯನ್ನು ನಿರಾಕರಿಸಲಿಲ್ಲ. ಬೆಳಗ್ಗೆ ಅವರು ತಮ್ಮ ಜಗಲಿಯಲ್ಲಿ, ನಾನು ನಮ್ಮ ಜಗಲಿಯಲ್ಲಿ. ನಡುವೆ ಒಂದು ಗುಲಾಬಿ ಪೊದೆ.

ಅವರಿಂದ ಕೇಳಿದ ಇತಿಹಾಸವನ್ನು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೋಲ್ಟ್ಸ್ ಮೊದಲು ಬಾಲ್ಟಿಮೋರ್ ನಗರದ ತಂಡವಾಗಿತ್ತು. 1984ರ ಮಾರ್ಚ್ ತಿಂಗಳ ಒಂದು ರಾತ್ರಿ, ಊರು ಮಲಗಿದ್ದಾಗ, ಮಾಲೀಕರು ಸಾಮಾನುಗಳನ್ನೆಲ್ಲ ಮೇಫ್ಲವರ್ ಎಂಬ ಕಂಪನಿಯ ಲಾರಿಗಳಿಗೆ ತುಂಬಿಸಿ ಇಂಡಿಯಾನಾಪೊಲಿಸಿಗೆ ಹೊರಡಿಸಿದರು. ಒಂದು ಊರು ಎದ್ದು ನೋಡಿದಾಗ ತಂಡ ಇಲ್ಲ. ಇನ್ನೊಂದು ಊರು ಎದ್ದು ನೋಡಿದಾಗ ತಂಡ ಬಂದಿದೆ! “ಕದ್ದ ಮಾಲಿನ ಮೇಲೆ ಪ್ರೀತಿ ಜಾಸ್ತಿ” ಎಂದು ಟಪಾಲಿನ ಮುದುಕರು ನಕ್ಕರು. 1998ರಲ್ಲಿ ಪೇಟನ್ ಮ್ಯಾನಿಂಗ್ ಎಂಬ ಆಟಗಾರ ಬಂದ. 2007ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದುಕೊಟ್ಟ. 2011ರಲ್ಲಿ ಕತ್ತಿನ ಶಸ್ತ್ರಚಿಕಿತ್ಸೆಯಿಂದಾಗಿ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ತಂಡ 16ರಲ್ಲಿ 14 ಪಂದ್ಯ ಸೋತಿತು.

ಇಲ್ಲಿ ಒಂದು ವಿಚಿತ್ರವಿದೆ. ಆ ಲೀಗಿನಲ್ಲಿ ಎಲ್ಲರಿಗಿಂತ ಹಿಂದುಳಿದ ತಂಡಕ್ಕೆ ಮುಂದಿನ ವರ್ಷ ಕಾಲೇಜಿನಿಂದ ಹೊರಬರುವ ಹುಡುಗರಲ್ಲಿ ಮೊದಲ ಆಯ್ಕೆಯ ಹಕ್ಕು. ಆ ವರ್ಷ ಹೊರಬರಲಿದ್ದವರಲ್ಲಿ ಶ್ರೇಷ್ಠನೆಂದು ಎಲ್ಲರೂ ಹೇಳುತ್ತಿದ್ದುದು ಸ್ಟ್ಯಾನ್‌ಫರ್ಡಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಲಕ್‌ನನ್ನು. ಲಕ್ ಎಂದರೆ ಅದೃಷ್ಟ. ಕೋಲ್ಟ್ಸಿನ ಲಾಂಛನವೋ ಕುದುರೆಯ ಲಾಳ. ಅದೂ ಅಲ್ಲಿಯವರಿಗೆ ಅದೃಷ್ಟದ ಗುರುತು! ತಮ್ಮ ತಂಡ ಸೋಲಲಿ, ಸೋತಾದರೂ ಲಕ್ ಸಿಗಲಿ ಎಂದು ಅಭಿಮಾನಿಗಳೇ ಪ್ರಾಸಕಟ್ಟಿ ಹಾಡಿದರಂತೆ. 2012ರಲ್ಲಿ ಮ್ಯಾನಿಂಗ್‌ನನ್ನು ಬಿಟ್ಟುಕೊಟ್ಟು ಲಕ್‌ನನ್ನು ತಂದರು. ಮೊದಲ ಮೂರು ವರ್ಷವೂ ತಂಡ 16ರಲ್ಲಿ 11 ಗೆದ್ದಿತು. 2014ರ ಜನವರಿಯ ಒಂದು ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿಯವರ ಎದುರು 38ಕ್ಕೆ 10ರಂತೆ ಹಿಂದೆ ಬಿದ್ದು, ಕೊನೆಗೆ 45ಕ್ಕೆ 44ರಂತೆ ಗೆದ್ದ ಕಥೆಯನ್ನು ಮುದುಕರು ನನಗೆ ನಾಲ್ಕು ಸಲ ಹೇಳಿದ್ದಾರೆ. ನಾಲ್ಕನೆಯ ಸಲವೂ ಅವರ ಧ್ವನಿ ನಡುಗಿತು.

ಅದಿರಲಿ, ಭುಜಕ್ಕೆ ಬರೋಣ. 2015ರ ಸೆಪ್ಟೆಂಬರಿನಲ್ಲಿ ಟೆನೆಸಿಯವರೊಡನೆ ಆಡುವಾಗ ಲಕ್‌ನ ಬಲಭುಜಕ್ಕೆ ಪೆಟ್ಟಾಯಿತು. ಅದೇ ನವೆಂಬರಿನಲ್ಲಿ ಡೆನ್ವರಿನವರ ಪೆಟ್ಟಿಗೆ ಮೂತ್ರಪಿಂಡವೇ ಹರಿಯಿತು, ಹೊಟ್ಟೆಯ ಸ್ನಾಯುವೂ ಹರಿಯಿತು. 2016ರಲ್ಲಿ, ಭುಜ ಸರಿಯಿಲ್ಲದಿದ್ದರೂ, ಹದಿನೈದು ಪಂದ್ಯ ಆಡಿದ. ಮುಂದೆ ನಿಂತ ಗೋಡೆ ದುರ್ಬಲವಾಗಿದ್ದುದರಿಂದ ಆ ವರ್ಷ 41 ಸಲ ಎದುರಾಳಿಗಳು ಅವನನ್ನು ಚೆಂಡಿನೊಡನೆ ನೆಲಕ್ಕೆ ಕೆಡವಿದರು. ತನ್ನನ್ನು ಕೆಡವಿದವನಿಗೆ “ಭೇಷ್, ಒಳ್ಳೆಯ ಪೆಟ್ಟು” ಎಂದು ಶಹಬ್ಬಾಸ್‌ಗಿರಿ ಕೊಡುವುದು ಈತನ ಅಭ್ಯಾಸವಂತೆ! ಎದುರಾಳಿಗಳಿಗೆ ಬೈಗುಳಕ್ಕಿಂತ ಇದೇ ಹೆಚ್ಚು ಕಸಿವಿಸಿ. 2017ರ ಜನವರಿಯಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು.

ನಾವು ಹೋದಾಗ ಅದಾಗಿ ಆರು ತಿಂಗಳು. ಮೂರು ತಿಂಗಳ ನನ್ನ ಲೆಕ್ಕದ ಎರಡರಷ್ಟು. “ಎಂದು ಬರುತ್ತಾನೆ?” ಎಂಬುದೊಂದೇ ಊರಿನ ಪ್ರಶ್ನೆ. ಸೆಪ್ಟೆಂಬರಿನಲ್ಲಿ ಪಂದ್ಯಗಳು ಆರಂಭವಾದವು. ಆತ ಇಲ್ಲದ ಮೊದಲ ಪಂದ್ಯವನ್ನು ತಂಡ 46ಕ್ಕೆ 9ರಂತೆ ಸೋತಿತು. ಪ್ರತಿವಾರವೂ ಗಾಯಾಳುಗಳ ಪಟ್ಟಿಯನ್ನು ಪ್ರಕಟಿಸಬೇಕೆಂಬುದು ಲೀಗಿನ ನಿಯಮ. ಕೆಲವರು ‘ಆಡಿದರೂ ಆಡಬಹುದು’, ಕೆಲವರು ‘ಸಂದೇಹ’, ಕೆಲವರು ‘ಇಲ್ಲ’. ಲಕ್‌ನ ಹೆಸರಿನ ಮುಂದೆ ವಾರವಾರವೂ ‘ಇಲ್ಲ’. ಮುದುಕರು ಅದನ್ನು ಪತ್ರಿಕೆಯಲ್ಲಿ ಬೆರಳಿಟ್ಟು ಹುಡುಕಿ ಓದುತ್ತಿದ್ದರು, ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಂಬರ್ ಹುಡುಕುವ ತಂದೆಯ ಹಾಗೆ. ಅಕ್ಟೋಬರಿನಲ್ಲಿ ಚೆಂಡೆಸೆಯಲು ಆರಂಭಿಸಿದ ಎಂಬ ಸುದ್ದಿ ಬಂದಿತು. ಆ ದಿನ ಮುದುಕರು ನಮ್ಮಾಕೆಗೆ ಒಂದು ಬುಟ್ಟಿ ಸೇಬು ತಂದುಕೊಟ್ಟರು. ಎರಡು ವಾರ ಕಳೆಯುವುದರೊಳಗೆ ನೋವು ಮರಳಿತು, ಭುಜಕ್ಕೆ ಚುಚ್ಚುಮದ್ದು ಕೊಟ್ಟರು, ಎಸೆಯುವುದು ನಿಂತಿತು. ನವೆಂಬರ್ 2ರಂದು, ಈ ವರ್ಷ ಆತ ಆಡುವುದೇ ಇಲ್ಲ ಎಂದು ತೀರ್ಮಾನವಾಯಿತು. ಚಿಕಿತ್ಸೆಗೆಂದು ನೆದರ್‌ಲೆಂಡ್ಸಿಗೆ ಹೋದ.

ಆಗ ನೋಡಬೇಕಿತ್ತು ಊರಿನ ನಂಬಿಕೆ ಇಳಿದ ಬಗೆಯನ್ನು. ಅದು ಅಣೆಕಟ್ಟು ಒಡೆದ ಹಾಗೆ ಒಮ್ಮೆಲೇ ಹೋಗಲಿಲ್ಲ. ಬೇಸಗೆಯ ಬಾವಿಯ ನೀರಿನ ಹಾಗೆ ದಿನಕ್ಕೆ ಒಂದು ಮೆಟ್ಟಿಲು ಇಳಿಯಿತು. ರೇಡಿಯೋಕ್ಕೆ ಫೋನು ಮಾಡಿದವರು ಮೊದಲು ಡಾಕ್ಟರುಗಳನ್ನು ಬೈದರು. ಆಮೇಲೆ ಗೋಡೆ ಕಟ್ಟದ ಆಡಳಿತವನ್ನು ಬೈದರು, ಇದರಲ್ಲಿ ನ್ಯಾಯವಿತ್ತು. ಆಮೇಲೆ ಅನುಮಾನ ಭುಜದ ಮೇಲೆಯೇ ತಿರುಗಿತು: ಆ ತೋಳು ಇನ್ನು ಮುಗಿಯಿತು, ನಮಗೆ ಹೇಳುತ್ತಿಲ್ಲ. ಕೊನೆಗೆ ಭುಜದಿಂದ ಭುಜದ ಒಡೆಯನ ಮೇಲೆ: ನೋವು ನಿಜವೇ? ಬೇರೆಯವರು ನೋವಿನಲ್ಲಿಯೇ ಆಡುವುದಿಲ್ಲವೇ? ಹಿಂದಿನ ವರ್ಷ, 2016ರಲ್ಲಿ, ಆತ 2021ರವರೆಗಿನ ಒಪ್ಪಂದಕ್ಕೆ ಸಹಿ ಹಾಕಿದ್ದ. ಮೊತ್ತ ಸುಮಾರು 14 ಕೋಟಿ ಡಾಲರು, ಆಗ ಆ ಲೀಗಿನಲ್ಲಿಯೇ ಅತಿ ದೊಡ್ಡದು. ಆ 14 ಕೋಟಿ ಈಗ ಎಲ್ಲರ ಬಾಯಲ್ಲಿ ಆಡಿತು. ಪುಸ್ತಕ ಓದುವ ಹವ್ಯಾಸದವನು, ಓದುಗರ ಕೂಟವೊಂದನ್ನೂ ನಡೆಸುತ್ತಿದ್ದ; ಗೆಲ್ಲುವಾಗ ಅದು ಸದ್ಗುಣವಾಗಿತ್ತು. ಈಗ ಅದೂ ಅಪರಾಧದ ಪಟ್ಟಿಗೆ ಸೇರಿತು. ಪೇಪರ್ ಹಿಡಿಯುವಾಗ ನೋವಿಲ್ಲ ಎಂಬ ಮಾತು ನನಗೆ ನೆನಪಾಗದೆ ಹೇಗಿದ್ದೀತು?

ಅಭಿಮಾನಿಗಳ ವ್ಯಾಕರಣದಲ್ಲಿ ನಾನು ಗಮನಿಸಿದ ಒಂದು ವಿಶೇಷವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನ ಚಪಲ. ಗೆದ್ದಾಗ ಎಲ್ಲರೂ “ನಾವು ಗೆದ್ದೆವು” ಎನ್ನುತ್ತಾರೆ. ಸೋತಾಗಲೂ, ದೊಡ್ಡ ಮನಸ್ಸಿನವರು, “ನಾವು ಸೋತೆವು” ಎನ್ನುವುದುಂಟು. ಆದರೆ “ನಮಗೆ ಭುಜ ನೋಯುತ್ತಿದೆ” ಎಂದವರನ್ನು ಕಾಣೆ. ಅಲ್ಲಿಗೆ ಬಂದಾಗ ಉತ್ತಮ ಪುರುಷ ಹೋಗಿ ಪ್ರಥಮ ಪುರುಷ ಬರುತ್ತದೆ.

2018ರ ಆಟಗಳನ್ನು ನಾನು ಮೈಸೂರಿನಿಂದಲೇ ನೋಡಿದೆ. ಅಲ್ಲಿಯ ಭಾನುವಾರ ಮಧ್ಯಾಹ್ನದ ಒಂದು ಗಂಟೆ ಎಂದರೆ ನಮಗೆ ರಾತ್ರಿ ಹತ್ತೂವರೆ. ಹತ್ತು ವರ್ಷದ ಮೊಮ್ಮಗ ಫೋನನ್ನು ಟೆಲಿವಿಷನ್ನಿನ ಎದುರು ಹಿಡಿದು “ತಾತ, ಕಾಣ್ತಿದೆಯಾ?” ಎನ್ನುತ್ತಿದ್ದ. ಲಕ್ ಮರಳಿದ್ದ. ಆದರೂ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ, 20ಕ್ಕೆ 16ರಂತೆ ಹಿಂದಿದ್ದಾಗ, ಕೊನೆಯ ದೂರದ ಎಸೆತಕ್ಕೆ ಲಕ್‌ನನ್ನು ಕೂರಿಸಿ ಜಕೋಬಿ ಬ್ರಿಸೆಟ್ ಎಂಬ ಇನ್ನೊಬ್ಬನನ್ನು ಕಳುಹಿಸಿದರು. ಆ ಎಸೆತ ಫಲಿಸಲಿಲ್ಲ. ಅದಕ್ಕಿಂತ ಹೆಚ್ಚಿನ ಅನಾಹುತವೆಂದರೆ, “ನೋಡಿದಿರಾ, ದೂರ ಎಸೆಯಲು ಕೈಯೇ ಇಲ್ಲ” ಎಂದು ಅನುಮಾನಗಳೆಲ್ಲ ಮತ್ತೆ ಎದ್ದು ಕುಳಿತವು. ಮೊದಲ ಆರು ಪಂದ್ಯಗಳಲ್ಲಿ ಐದು ಸೋಲು. ಆಮೇಲೆ ಏನಾಯಿತೋ! ಉಳಿದ ಹತ್ತರಲ್ಲಿ ಒಂಬತ್ತು ಗೆಲವು. ಗೋಡೆಗೆ ಕ್ವೆಂಟನ್ ನೆಲ್ಸನ್ ಎಂಬ ಹೊಸ ಬಂಡೆ ಬಂದಿತ್ತು. ಇಡೀ ವರ್ಷದಲ್ಲಿ ಲಕ್ ನೆಲ ಕಂಡದ್ದು 18 ಸಲ ಮಾತ್ರ. 39 ಸಲ ಚೆಂಡನ್ನು ಗೆರೆ ದಾಟಿಸಿದ. ಮರಳಿ ಬಂದವರಲ್ಲಿ ಶ್ರೇಷ್ಠನೆಂಬ ಪ್ರಶಸ್ತಿಯೂ ಬಂದಿತು. ಇಂಡಿಯಾನಾಪೊಲಿಸಿನಲ್ಲಿ ಅನುಮಾನ ಪಟ್ಟವನೆಂದು ಹೇಳಿಕೊಳ್ಳಲು ಒಬ್ಬನೂ ಉಳಿಯಲಿಲ್ಲ. ನನ್ನ ಭುಜವೂ ಅಷ್ಟರಲ್ಲಿ ಮುಕ್ಕಾಲು ಪಾಲು ವಾಸಿಯಾಗಿತ್ತು. ಪ್ರಶಸ್ತಿ ಬರಲಿಲ್ಲ, ಬಲ್ಬ್ ಬದಲಾಯಿಸುವ ಕೆಲಸ ಮರಳಿ ಬಂದಿತು.

2019ರ ಬೇಸಗೆಯಲ್ಲಿ ಮತ್ತೆ ಹೋದೆವು. ಈ ಸಲ ಲಕ್‌ನ ಮೀನಖಂಡದಲ್ಲಿ ನೋವು ಎಂದರು. ಆಮೇಲೆ ಅದು ಮೀನಖಂಡವಲ್ಲ, ಪಾದದ ಗಂಟಿನ ಬಳಿ ಎಂದರು. ಮುದುಕರು ಮತ್ತೆ ಪಟ್ಟಿ ಓದತೊಡಗಿದರು. “ಸೆಪ್ಟೆಂಬರಿಗೆ ಬರುತ್ತಾನೆ” ಎಂದು ಅವರು ಗುಲಾಬಿ ಪೊದೆಯ ಆಚೆಯಿಂದ ದಿನವೂ ನನಗೆ ಧೈರ್ಯ ಹೇಳುತ್ತಿದ್ದರು. ಹೇಳಿಕೊಳ್ಳುತ್ತಿದ್ದುದು ತಮಗೇ.

ಆಗಸ್ಟ್ 24, ಶನಿವಾರ. ಚಿಕಾಗೋದ ಬೇರ್ಸ್ ತಂಡದೊಡನೆ ಅಭ್ಯಾಸಪಂದ್ಯ. ಮುದುಕರು ತಮ್ಮ ಎರಡು ಟಿಕೆಟ್ಟುಗಳಲ್ಲಿ ಒಂದನ್ನು ನಮ್ಮ ಹುಡುಗನಿಗೆ ಮೀಸಲಿಟ್ಟು ಕರೆದುಕೊಂಡು ಹೋದರು. ಇಬ್ಬರೂ ಲಕ್‌ನ 12ನೆಯ ನಂಬರಿನ ನೀಲಿ ಅಂಗಿ ತೊಟ್ಟಿದ್ದರು. ನಾನೂ ಅಳಿಯನೂ ಮನೆಯಲ್ಲಿ ಟೆಲಿವಿಷನ್ ಮುಂದೆ. ಆಟ ಮುಗಿಯುತ್ತ ಬಂದಾಗ ಅಳಿಯ ಫೋನು ನೋಡಿ, “ಮಾವ, ಲಕ್ ನಿವೃತ್ತಿಯಂತೆ!” ಎಂದ. ಮರುದಿನ ಸಾವಧಾನವಾಗಿ ಪ್ರಕಟಿಸಬೇಕೆಂದಿದ್ದ ಸುದ್ದಿ ಆಟದ ನಡುವೆಯೇ ಸೋರಿಹೋಗಿತ್ತು. ಕ್ರೀಡಾಂಗಣದಲ್ಲಿ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಅದು ಹಬ್ಬಿತು. ಲಕ್ ಸಾದಾ ಬಟ್ಟೆಯಲ್ಲಿ ಮೈದಾನದ ಅಂಚಿನಲ್ಲಿ ನಿಂತಿದ್ದ. ಆಟ ಮುಗಿದು ಆತ ಒಳಕ್ಕೆ ನಡೆದು ಹೋಗುವಾಗ ಆಸನಗಳಿಂದ “ಬೂ” ಎಂಬ ಕೂಗು ಎದ್ದಿತು. ಯಾವ ಜನ ಅವನಿಗಾಗಿ ಸೋಲನ್ನು ಬೇಡಿದ್ದರೋ ಅದೇ ಜನ.

ಆ ರಾತ್ರಿಯೇ ಆತ ಪತ್ರಕರ್ತರ ಮುಂದೆ ಬಂದು ನಿಂತ. ವಯಸ್ಸು ಮೂವತ್ತು ತುಂಬಲು ಇನ್ನೂ ಕೆಲವು ದಿನ ಬೇಕು. ನಾಲ್ಕು ವರ್ಷದಿಂದ ಗಾಯ, ನೋವು, ಚಿಕಿತ್ಸೆ, ಮತ್ತೆ ಗಾಯ ಎಂಬ ಚಕ್ರದಲ್ಲಿ ಸಿಕ್ಕಿದ್ದೇನೆ, ಆಟದ ಸಂತೋಷವನ್ನು ಅದು ಕಸಿದುಕೊಂಡಿದೆ ಎಂದ. ಕೂಗು ಕೇಳಿಸಲಿಲ್ಲವೆಂದರೆ ಸುಳ್ಳಾಗುತ್ತದೆ, ಅದರಿಂದ ನೋವಾಯಿತು ಎಂದೂ ಹೇಳಿದ. ಆತ ಕಣ್ಣೀರು ಒರೆಸಿಕೊಂಡಾಗ ನಮ್ಮಾಕೆ ಅಡಿಗೆಮನೆಯಿಂದ ಬಂದು, “ಪಾಪ, ಯಾರು ಈ ಹುಡುಗ?” ಎಂದಳು.

ಮೊಮ್ಮಗ ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ಅಂಗಿಯನ್ನೂ ಕಳಚದೆ ನನ್ನ ಮಂಚದ ಮೇಲೆ ಕುಳಿತ.

“ತಾತ, ಪಕ್ಕದ ಮನೆ ಅಜ್ಜನೂ ಕೂಗಿದರು.”

“ನೀನು?”

“ನಾನು ಸುಮ್ಮನೆ ನಿಂತಿದ್ದೆ. ಅವರು ಯಾರನ್ನು ಕೂಗ್ತಿದಾರೆ ಅಂತ ಮೊದಲು ಗೊತ್ತಾಗಲಿಲ್ಲ.”

ಮರುದಿನ ಬೆಳಗ್ಗೆ ಮುದುಕರ ಜಗಲಿ ಖಾಲಿ. ಪತ್ರಿಕೆ ಹುಲ್ಲಿನ ಮೇಲೆ ಬಿದ್ದೇ ಇತ್ತು. ಹತ್ತು ಗಂಟೆಗೆ ಅವರೇ ಗುಲಾಬಿ ಪೊದೆಯನ್ನು ಬಳಸಿ ನಮ್ಮ ಮೆಟ್ಟಿಲಿಗೆ ಬಂದು ಕುಳಿತರು.

“ಹುಡುಗ ಹೇಳಿದನೇ?” ಎಂದರು.

“ಹೇಳಿದ.”

“ಪಕ್ಕದವನು ಫೋನು ತೋರಿಸಿದ, ಪ್ರೊಫೆಸರ್. ಇಂಥ ಸುದ್ದಿಯನ್ನು ಪರಿಚಯವಿಲ್ಲದವನ ಫೋನಿನಲ್ಲಿ ಓದಬೇಕಾಯಿತಲ್ಲ ಎಂದು ಕೋಪ ಬಂದಿತು. ಎರಡು ವಾರಕ್ಕೆ ಆಟ ಶುರು. ಕಳೆದ ವರ್ಷ ಅಷ್ಟೆಲ್ಲ ಆದಮೇಲೆ... ಎಲ್ಲರೂ ಕೂಗಿದರು, ನಾನೂ ಕೂಗಿದೆ. ಕೂಗಿಯಾದ ಮೇಲೆ ನಿಮ್ಮ ಹುಡುಗನ ಮುಖ ನೋಡಿದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂವತ್ತು ವರ್ಷ ಚೀಲ ಹೊತ್ತ ಮೊಣಕಾಲು ನನ್ನದು. ರಜೆ ಕೇಳಿದಾಗಲೆಲ್ಲ ಮೇಲಿನವರು ನನ್ನ ಮುಖವನ್ನು ಹೇಗೆ ನೋಡುತ್ತಿದ್ದರು ಎಂಬುದು ಗೊತ್ತಿದ್ದವನು ನಾನು” ಎಂದರು.

ಅವರನ್ನು ಕೃತಘ್ನರೆಂದು ಕರೆಯಲು ನನಗೆ ಮನಸ್ಸಿಲ್ಲ. ಅಂದು ಅಮೆರಿಕದ ಅನೇಕರು ಆ ಊರಿನವರನ್ನು ಹಾಗೆಂದು ಬೈದರು. ದೂರದಲ್ಲಿರುವವರಿಗೆ ಅದು ಸುಲಭ. 2017ರ ಅನುಮಾನದ ಕಾಲದಲ್ಲಿ ಲಕ್ ಬಿಟ್ಟುಹೋಗಿದ್ದರೆ ಊರು ಭುಜ ಕುಣಿಸಿ ಸುಮ್ಮನಾಗುತ್ತಿತ್ತೋ ಏನೋ. ಒಮ್ಮೆ ಕೈಬಿಟ್ಟವನನ್ನು ಆ ಜನ ನಾಚಿಕೆಯಿಂದ, ಎರಡು ಪಟ್ಟು ಬಿಗಿಯಾಗಿ ಅಪ್ಪಿಕೊಂಡಿದ್ದರು. ಆ ಅಪ್ಪುಗೆಯೊಳಗೆ ಆತ ನೋಯುತ್ತಲೇ ಇದ್ದನೆಂಬುದು ಯಾರಿಗೂ ಬೇಕಾಗಿರಲಿಲ್ಲ. 2018 ಅವರಿಗೆ ವಾಸಿಯಾದ ವರ್ಷ. ಅವನ ಲೆಕ್ಕದಲ್ಲಿ ಅದು ನಾಲ್ಕು ವರ್ಷದ ಚಕ್ರದಲ್ಲಿ ಒಂದು ಸುತ್ತು.

ಲಕ್ ಆಮೇಲೆ ಸ್ಟ್ಯಾನ್‌ಫರ್ಡಿಗೆ ಮರಳಿ ಶಿಕ್ಷಣಶಾಸ್ತ್ರ ಓದಿದ. 2024ರ ನವೆಂಬರಿನಲ್ಲಿ ಅಲ್ಲಿಯ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆದ. ಕೋಲ್ಟ್ಸಿನಲ್ಲಿ ಆ ಜಾಗಕ್ಕೆ ಬ್ರಿಸೆಟ್ ಬಂದ, ರಿವರ್ಸ್ ಬಂದ, ವೆಂಟ್ಸ್ ಬಂದ, ರಯಾನ್ ಬಂದ. 2023ರಲ್ಲಿ ಆಂಥನಿ ರಿಚರ್ಡ್‌ಸನ್ ಎಂಬ ಎಳೆಯ ಬಂದು ನಾಲ್ಕೇ ಪಂದ್ಯ ಆಡಿ ಭುಜದ ಶಸ್ತ್ರಚಿಕಿತ್ಸೆಗೆ ಹೋದ. ಮತ್ತೆ ಭುಜ! ಮರುವರ್ಷ ಒಂದು ಪಂದ್ಯದ ನಡುವೆ, ದಣಿವಾಗಿದೆ ಎಂದು ತಾನೇ ಕೇಳಿಕೊಂಡು ಒಂದು ಸರದಿಯ ಮಟ್ಟಿಗೆ ಹೊರಗೆ ನಿಂತ; ಅದಾದ ಕೂಡಲೇ ಅವನನ್ನು ಕೂರಿಸಿ ಮೂವತ್ತೊಂಬತ್ತು ವರ್ಷದ ಜೋ ಫ್ಲಾಕೋನನ್ನು ಆಡಿಸಿದರು. ದಣಿವೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಷ್ಟೆ.

2025ರಲ್ಲಿ ಡೇನಿಯಲ್ ಜೋನ್ಸ್ ಎಂಬವನ ಸರದಿ. ತಂಡ ಚೆನ್ನಾಗಿ ಗೆಲ್ಲುತ್ತಿತ್ತು. ಡಿಸೆಂಬರಿನಲ್ಲಿ ಅವನ ಹಿಮ್ಮಡಿಯ ಸ್ನಾಯು ಹರಿಯಿತು. ಆಟ ಬಿಟ್ಟು ಐದು ವರ್ಷವಾಗುತ್ತ ಬಂದಿದ್ದ, ನಲವತ್ತನಾಲ್ಕರ ಫಿಲಿಪ್ ರಿವರ್ಸ್‌ನನ್ನು ಮನೆಯಿಂದ ಕರೆಸಿ ಅಂಗಿ ತೊಡಿಸಿದರು. ಟಪಾಲಿನ ಮುದುಕರು ಈಗ ಕ್ರೀಡಾಂಗಣಕ್ಕೆ ಹೋಗುವುದಿಲ್ಲ, ಮೆಟ್ಟಿಲು ಹತ್ತಲಾರರು. ಮೊಮ್ಮಗ ಫೋನಿನಲ್ಲಿ ಅವರ ಮುಖ ತೋರಿಸಿದಾಗ, “ಜೋನ್ಸ್ ಎಂದು ಬರುತ್ತಾನಂತೆ?” ಎಂದು ನಾನೇ ಕೇಳಿದೆ.

“ವಿಚಾರಿಸಲಿಲ್ಲ, ಪ್ರೊಫೆಸರ್” ಎಂದರು. ಆಮೇಲೆ ಮೈಸೂರಿನಲ್ಲಿ ಚಳಿ ಹೇಗಿದೆ ಎಂದು ಕೇಳಿದರು.